ತಮಾಷೆ ಬಂಗಲೆ: ಸತ್ತ ಪ್ರಾಣಿಗಳಿಗೆ ಕಟ್ಟಿದ ಮನೆಗಳ ಕಥೆ

ಭಾಗ 1

ಮೊದಲನೇ ಫೋಟೋ ನೋಡಿ "ಛೀ" ಅಂತ ಮೇಲಕ್ಕೆ ತಳ್ಳಬೇಡ್ರಪ್ಪಾ. ಸ್ವಲ್ಪ ಓದಿ. ಬಳ್ಳಿಗಾವಿ ಸರಣಿ ಓದಿ ಮೆಸೇಜ್ ಮಾಡಿದವರಿಗೆಲ್ಲ ಥ್ಯಾಂಕ್ಸ್. ಈ ಸಲದ್ದು ದೇವಸ್ಥಾನ ಅಲ್ಲ, ಶಾಸನನೂ ಅಲ್ಲ.

ಫೋಟೋದಲ್ಲಿ ಇರೋದು ಒಂದು ಗಾಜಿನ ಜಾಡಿ. ಒಳಗೆ ಸುರುಳಿ ಸುತ್ತಿಕೊಂಡ ಸಣ್ಣ ಹಾವು. ನೀರು ಅರ್ಧಕ್ಕೆ ಇಳಿದು ಹಳದಿಯಾಗಿದೆ. ಜಾಡಿಗೆ ಅಂಟಿಸಿದ ಚೀಟಿಯಲ್ಲಿ ನೀಲಿ ಶಾಯಿಯಲ್ಲಿ ಇಷ್ಟೇ ಬರೆದಿದೆ: "ಹಾವು. ಸೊರಬ ರಸ್ತೆ. 1987."

ನಾನು ಓದಿದ ಹೈಸ್ಕೂಲಿನ ಕಟ್ಟಡ ರಿಪೇರಿ ಆಗುವಾಗ (ಯಾವ ಶಾಲೆ ಅಂತ ಹೇಳಲ್ಲ, ನಮ್ಮ ಬ್ಯಾಚಿನವರಿಗೆ ಗೊತ್ತಿದೆ, ಸುಮ್ನಿರಿ) ಸೈನ್ಸ್ ರೂಮಿನ ಬೀರು ಖಾಲಿ ಮಾಡಿದ್ರು. ನಾನು ಟಿಸಿ ನಕಲು ತರೋಕೆ ಹೋದವನು, ಹಿಂದುಗಡೆ ಮುರಿದ ಬೆಂಚುಗಳ ರಾಶಿ ಪಕ್ಕ ನೋಡ್ತೀನಿ, ನಾವೆಲ್ಲ ಎಂಟನೇ ಕ್ಲಾಸಿನಲ್ಲಿ ಕಿಟಕಿಯಿಂದ ಇಣುಕಿ ಹೆದರ್ತಿದ್ವಲ್ಲ, ಆ ಹುಲ್ಲು ತುಂಬಿದ ಮುಂಗುಸಿ ಬಿದ್ದಿದೆ. ಬಾಲ ಇಲ್ಲ. ಪಕ್ಕದಲ್ಲಿ ಒಡೆದ ಜಾಡಿಗಳು, ಮುರಿದ ಹವಳ, ಹಕ್ಕಿಯ ಗೂಡೊಂದು. ಕೆಲಸದವರು "ಬೀರು ಮಾತ್ರ ಬೇಕಂತೆ, ಫೈಲ್ ಇಡೋಕೆ" ಅಂದ್ರು. ಒಡೆಯದೆ ಉಳಿದಿದ್ದ ಜಾಡಿ ಇದೊಂದೇ. ಬ್ಯಾಗಿಗೆ ಹಾಕ್ಕೊಂಡು ಬಂದೆ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಅಜ್ಜಿ "ಎಂತ ಮಾರಾಯಾ ಅದು, ಉಪ್ಪಿನಕಾಯಾ?" ಅಂತ ಕೇಳಿದ್ರು. ಹೌದು ಅಂದೆ. ಇನ್ನೇನು ಹೇಳೋದು.

ಅವತ್ತಿನಿಂದ ತಲೆಯಲ್ಲಿ ಒಂದೇ ಪ್ರಶ್ನೆ. ಇಂಥ ವಸ್ತು ಇಡೋಕೆ ಅಂತಲೇ ದೊಡ್ಡ ದೊಡ್ಡ ಕಟ್ಟಡ ಕಟ್ಟಿದಾರಲ್ಲ, ಅದೆಲ್ಲ ಹೆಂಗೆ ಶುರುವಾಯ್ತು? ಕಟ್ಟಡ ಬದಲಾದಾಗ ಒಳಗಿನ ವಸ್ತುಗಳ ಗತಿ ಏನು? ಬಿಕಾಂ ಓದೋನಿಗೆ ಇದೆಲ್ಲ ಯಾಕೆ ಅಂತ ಕೇಳ್ಬೇಡಿ. ಸ್ಟಾಕ್ ರಿಜಿಸ್ಟರ್, ಗೋಡೌನ್, ಬಾಡಿಗೆ, ನಷ್ಟ, ಎಲ್ಲ ಇದೆ ಇದರಲ್ಲಿ.

ಭಾಗ 2

ಮೊದಲು ನಮ್ಮೂರಿನ ಹೆಸರು. ಹಳೇ ಗೆಜೆಟಿಯರ್ ಹೇಳೋ ಪ್ರಕಾರ ಶಿಕಾರಿಪುರಕ್ಕೆ ಮೊದಲು ಮಳಿಯನಹಳ್ಳಿ ಅಂತ ಹೆಸರಿತ್ತು. ಕೆಳದಿಯವರ ಕಾಲದಲ್ಲಿ ಮಹಾದಾನಪುರ ಆಯ್ತು. ಆಮೇಲೆ ಹೈದರ್ ಅಥವಾ ಟಿಪ್ಪು ಈ ಕಡೆ ಬಂದಾಗ ಬೇಟೆಗೆ ಅಷ್ಟೊಂದು ಪ್ರಾಣಿ ಸಿಕ್ಕಿದ್ದಕ್ಕೆ ಶಿಕಾರಿಪುರ. ಅಂದ್ರೆ ನಾವು ದಿನಾ ಅಡ್ರೆಸ್ಸಿನಲ್ಲಿ ಬರೆಯೋ ಹೆಸರೇ ಒಂದು ಪ್ರಾಣಿಗಳ ಪಟ್ಟಿ ಇದ್ದ ಹಾಗೆ. ಪ್ರಾಣಿಗಳು ಹೋದ್ವು, ಹೆಸರು ಉಳೀತು.

ಈಗ ಬೆಂಗಳೂರಿಗೆ. ಅದಕ್ಕೂ ಮೊದಲು ಮದ್ರಾಸಿಗೆ.

ಎಡ್ವರ್ಡ್ ಬಾಲ್ಫೋರ್ ಅಂತ ಒಬ್ಬ ಡಾಕ್ಟರು. 1813ರಲ್ಲಿ ಹುಟ್ಟಿದ ಸ್ಕಾಟ್‌ಲೆಂಡಿನವನು, ಕಂಪನಿ ಸೈನ್ಯದಲ್ಲಿ ವೈದ್ಯ. ರೋಗಿಗಳನ್ನ ನೋಡ್ಕೊಂಡು ಸುಮ್ನಿರೋ ಜಾತಿ ಅಲ್ಲ. ಕಾಡು ಕಡಿದರೆ ಊರಿನ ಹವೆ, ಮಳೆ ಹೆಂಗೆ ಬದಲಾಗುತ್ತೆ ಅಂತ 1840ರ ದಶಕದಲ್ಲೇ ಬರೆದವನು. ಆಮೇಲೆ ಭಾರತದ ಬಗ್ಗೆ ದೊಡ್ಡ ವಿಶ್ವಕೋಶ ಬರೆದ, 1857ರಲ್ಲಿ ಅಚ್ಚಾಯ್ತು. ಹುಡುಗೀರಿಗೆ ಗೊತ್ತಿರಲಿ: ಮದ್ರಾಸ್ ಮೆಡಿಕಲ್ ಕಾಲೇಜು 1875ರಲ್ಲಿ ಹೆಣ್ಣುಮಕ್ಕಳನ್ನ ಸೇರಿಸಿಕೊಳ್ಳೋದಕ್ಕೆ ಒತ್ತಾಯ ಮಾಡಿದವರಲ್ಲಿ ಇವನೂ ಒಬ್ಬ.

1851ರಲ್ಲಿ ಮದ್ರಾಸಿನಲ್ಲಿ ಸರ್ಕಾರಿ ಮ್ಯೂಸಿಯಂ ಶುರುವಾದಾಗ ಅದನ್ನ ಇವನ ಕೈಗೇ ಕೊಟ್ರು. ಬಂಡವಾಳ ಏನು? ಸುಮಾರು 1,100 ಕಲ್ಲಿನ ಮಾದರಿಗಳು, ಅಷ್ಟೇ. ಸ್ವಂತ ಕಟ್ಟಡ ಇಲ್ಲ, ಒಂದು ಕಾಲೇಜಿನ ಮಹಡಿಯಲ್ಲಿ ಜಾಗ. ಮೂರೇ ವರ್ಷಕ್ಕೆ ಜಾಗ ಸಾಲದೆ, 1854ರಲ್ಲಿ ಎಗ್ಮೋರಿನ ಪ್ಯಾಂಥಿಯನ್ ಅನ್ನೋ ಕಟ್ಟಡಕ್ಕೆ ಹೋಯ್ತು. ಈಗಲೂ ಅಲ್ಲೇ ಇದೆ.

ಜನ ಕಲ್ಲು ನೋಡೋಕೆ ಬರ್ತಾರಾ? ಬರಲ್ಲ. ಆದರೆ ಬಾಲ್ಫೋರ್ ಒಂದು ಗಮನಿಸಿದ. ಮ್ಯೂಸಿಯಮ್ಮಿನಲ್ಲಿ ಒಂದು ಜೀವಂತ ಹುಲಿಮರಿ, ಒಂದು ಚಿರತೆ ಕಟ್ಟಿ ಹಾಕಿದಾಗಿಂದ ಜನ ಸಾವಿರಗಟ್ಟಲೆ ಬರೋಕೆ ಶುರು. ಆರ್ಕಾಟಿನ ನವಾಬರ ಹತ್ತಿರ ಇದ್ದ ಪ್ರಾಣಿಗಳನ್ನೂ ಕೇಳಿ ತಂದ. 1855ರಲ್ಲಿ ಅದೇ ಮದ್ರಾಸ್ ಮೃಗಾಲಯ ಆಯ್ತು. ಕಲ್ಲಿನ ಅಂಗಡಿಗೆ ಗಿರಾಕಿ ತರೋಕೆ ಹುಲಿ ಇಟ್ಟ ಅನ್ನಿ. ಮಾರ್ಕೆಟಿಂಗ್ ಪೇಪರಿನಲ್ಲಿ ಇದನ್ನ ಬರೆದ್ರೆ ಮೇಡಂ ಎಷ್ಟು ಮಾರ್ಕ್ಸ್ ಕೊಡ್ತಾರೋ.

ಭಾಗ 3

ಈ ಬಾಲ್ಫೋರ್ ಆಮೇಲೆ ಮೈಸೂರು ಸೀಮೆಗೆ ಬಂದ. ಬಂದವನೇ ಬೆಂಗಳೂರಿಗೂ ಒಂದು ಮ್ಯೂಸಿಯಂ ಬೇಕು ಅಂದ.

ಆಗ ನಮ್ಮ ಸೀಮೆ ಯಾರ ಕೈಯಲ್ಲಿತ್ತು? ಇದು ನಮ್ಮವರಿಗೆ ಗೊತ್ತಿರಬೇಕಾದ್ದು. 1830-31ರಲ್ಲಿ ನಮ್ಮ ಕಡೆ ರೈತರು ಎದ್ದಿದ್ದು, ನಗರ ದಂಗೆ. ಅದನ್ನೇ ನೆಪ ಮಾಡ್ಕೊಂಡು 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ಕೊಂಡ್ರು. 1881ರವರೆಗೆ, ಅಂದ್ರೆ 50 ವರ್ಷ, ಕಮಿಷನರುಗಳದ್ದೇ ಆಳ್ವಿಕೆ. ಶಿಕಾರಿಪುರ, ಸೊರಬ ಎಲ್ಲ ನಗರ ಡಿವಿಜನ್ ಕೆಳಗೆ. ಹಂಗಾಗಿ ಬೆಂಗಳೂರಿನ ಮ್ಯೂಸಿಯಂ ಶುರು ಮಾಡಿದ್ದು ರಾಜರಲ್ಲ, ಕಮಿಷನ್ ಸರ್ಕಾರ. ಆಗಿನ ಚೀಫ್ ಕಮಿಷನರ್ ಎಲ್.ಬಿ. ಬೌರಿಂಗ್. ಬೌರಿಂಗ್ ಆಸ್ಪತ್ರೆ ಅಂತಾರಲ್ಲ, ಅದೇ ಹೆಸರು.

1865ರಲ್ಲಿ ಮ್ಯೂಸಿಯಂ ತೆರೀತು. ಜನ ತಮ್ಮ ತಮ್ಮ ಕಡೆ ಸಿಕ್ಕ ವಸ್ತುಗಳನ್ನ ಕಳಿಸಿಕೊಡಿ ಅಂತ ಸರ್ಕಾರದಿಂದ ಪ್ರಕಟಣೆನೂ ಹೊರಟಿತು. ಜಾಗ ಎಲ್ಲಿ ಗೊತ್ತಾ? ಕಂಟೋನ್ಮೆಂಟಿನ ಹಳೇ ಜೈಲು ಕಟ್ಟಡದಲ್ಲಿ. ಕೈದಿಗಳು ಇದ್ದ ಕಡೆ ಕಲ್ಲು, ಚಿಪ್ಪು, ಒಣಗಿಸಿದ ಹಕ್ಕಿ. ಬೆಂಗಳೂರಿನಲ್ಲಿ ಬ್ರಿಗೇಡ್ ರೋಡ್ ಕಡೆ ಓಡಾಡಿದವರು "ಮ್ಯೂಸಿಯಂ ರೋಡ್" ಅನ್ನೋ ಬೋರ್ಡ್ ನೋಡಿರ್ತೀರಿ. ನಾನು ಅಕ್ಕನ ಮನೆಗೆ ಹೋದಾಗ ಆ ರಸ್ತೆಯಲ್ಲಿ ಮ್ಯೂಸಿಯಂ ಹುಡುಕಿ ಹುಡುಕಿ ಸುಸ್ತಾಗಿದ್ದೆ. ಸಿಗೋದು ಹೆಂಗೆ? ಅದು ಅಲ್ಲಿಂದ ಹೋಗಿ 140 ವರ್ಷದ ಮೇಲಾಯ್ತು. ರಸ್ತೆ ಮಾತ್ರ ಇನ್ನೂ ಹಳೇ ಬಾಡಿಗೆದಾರನ ಹೆಸರು ಇಟ್ಕೊಂಡಿದೆ.

ಬಾಲ್ಫೋರ್ ಮದ್ರಾಸಿನ ಪಾಠ ಮರೆತಿರಲಿಲ್ಲ ಅನ್ಸುತ್ತೆ. ಶುರುವಿನಲ್ಲಿ ಇಲ್ಲೂ ಕೆಲವು ತಿಂಗಳು ಜೀವಂತ ಚಿರತೆ ಇತ್ತು, ಅದರ ಊಟದ ಖರ್ಚು ಸರ್ಕಾರದ್ದು. ಆ ವೋಚರ್ ಬರೆದ ಗುಮಾಸ್ತ ಯಾವ ಹೆಡ್ಡಿಗೆ ಹಾಕಿರಬಹುದು ಅಂತ ನಂಗೆ ಈಗಲೂ ಕುತೂಹಲ. ಕಚೇರಿ ವೆಚ್ಚನಾ, ಸಂಬಳನಾ?

ಜನ ಈ ಜಾಗಕ್ಕೆ ತಾವೇ ಒಂದು ಹೆಸರು ಕೊಟ್ರು: ತಮಾಷೆ ಬಂಗಲೆ. ನಂಗೆ ಈ ಇಡೀ ಕಥೆಯಲ್ಲಿ ಅತೀ ಇಷ್ಟವಾಗಿದ್ದು ಈ ಹೆಸರು. ಸರ್ಕಾರ ಇಟ್ಟ ಹೆಸರು ಸರ್ಕಾರದ ಕಾಗದದಲ್ಲಿ. ಸಂತೆಗೆ ಬಂದವರು, ಹೆಂಡತಿ ಮಕ್ಕಳನ್ನ ಕರ್ಕೊಂಡು ಬಂದವರು, ಅವರಿಗೆ ಅದು ತಮಾಷೆ ನೋಡೋ ಬಂಗಲೆ. ಅದರಲ್ಲಿ ಕೀಳು ಏನಿಲ್ಲ. ನಾವು ಹೈಸ್ಕೂಲಿನ ಕಿಟಕಿಯಲ್ಲಿ ಇಣುಕಿದ್ದೂ ತಮಾಷೆಗೇ.

ಭಾಗ 4

ಈಗ ಕಟ್ಟಡ. ಕಬ್ಬನ್ ಪಾರ್ಕ್ ಪಕ್ಕ, ಕಸ್ತೂರ್ಬಾ ರಸ್ತೆಯಲ್ಲಿ ಕೆಂಪಗೆ ನಿಂತಿದೆಯಲ್ಲ, ಅದು. ಎರಡನೇ ಫೋಟೋ. ರಸ್ತೆ ಆಚೆಯಿಂದ ತೆಗೆದದ್ದು, ಮಧ್ಯೆ ಆಟೋ ಬಂದಿದೆ, ಕ್ಷಮಿಸಿ.

ಜೈಲಿನಲ್ಲಿ ಜಾಗ ಸಾಲದೆ ಹೊಸ ಕಟ್ಟಡ ಬೇಕಾಯ್ತು. ಅದನ್ನ ರೂಪಿಸಿದ್ದು ರಿಚರ್ಡ್ ಸ್ಯಾಂಕಿ, ಮೈಸೂರಿನ ಚೀಫ್ ಇಂಜಿನಿಯರ್. ಸ್ಯಾಂಕಿ ಕೆರೆ ಇವನದ್ದೇ, 1882. ಈಗ ಹೈಕೋರ್ಟ್ ಇರೋ ಅಠಾರಾ ಕಚೇರಿ ಇವನದ್ದೇ, 1868. ಕಬ್ಬನ್ ಪಾರ್ಕ್ ಹಾಕಿಸಿದ್ದೂ ಇವನೇ, 1870. ಹಂಗಾಗಿ ಮ್ಯೂಸಿಯಂ ಮತ್ತು ಹೈಕೋರ್ಟ್ ಎರಡೂ ಒಂದೇ ಕೆಂಪು ಬಣ್ಣ, ಒಂದೇ ಥರ ಸಾಲು ಕಂಬ. ಅಣ್ಣ ತಮ್ಮ ಇದ್ದ ಹಾಗೆ. ಒಬ್ಬ ದೊಡ್ಡ ಹುದ್ದೆಗೆ ಹೋದ, ಇನ್ನೊಬ್ಬ ಊರಲ್ಲೇ ಉಳಿದು ಹಳೇ ಸಾಮಾನು ನೋಡ್ಕೊಂಡ. 1877ರಲ್ಲಿ ಕಟ್ಟಡ ಎದ್ದಿತು, 1878ಕ್ಕೆ ಸಂಗ್ರಹ ಇಲ್ಲಿಗೆ ಬಂತು.

ಕಂಬದ ತಲೆಯಲ್ಲಿ ಎಲೆ ಎಲೆ ಕೆತ್ತನೆ ಇದೆಯಲ್ಲ, ಅದಕ್ಕೆ ಕೊರಿಂಥಿಯನ್ ಅಂತಾರೆ. ಹಳೇ ಗ್ರೀಸಿನ ರೀತಿ. ಬೇಲೂರು ಬಳ್ಳಿಗಾವಿ ಇರೋ ನಾಡಿನಲ್ಲಿ ಗ್ರೀಸಿನ ಕಂಬ ಯಾಕೆ? ಆಗಿನ ಬ್ರಿಟಿಷರಿಗೆ ಜ್ಞಾನ ಅಂದ್ರೆ ಗ್ರೀಸು, ಅಧಿಕಾರ ಅಂದ್ರೆ ರೋಮು. ಅದಕ್ಕೇ ಕೋರ್ಟು, ಕಚೇರಿ, ಮ್ಯೂಸಿಯಂ ಎಲ್ಲಕ್ಕೂ ಅದೇ ಅಂಗಿ. ನಂಗೆ ಈ ವಾದ ಪೂರ್ತಿ ಇಷ್ಟ ಇಲ್ಲ. ಆದರೆ ಸಂಜೆ ಬಿಸಿಲಲ್ಲಿ ಆ ಕೆಂಪು ಚೆನ್ನಾಗಿ ಕಾಣುತ್ತೆ ಅನ್ನೋದು ಸುಳ್ಳಲ್ಲ.

ಒಂದು ವಿಷಯ ಯೋಚನೆ ಮಾಡಿ. ಆಗ ಕರೆಂಟು ಇಲ್ಲ. ಒಳಗಿನದು ಜನಕ್ಕೆ ಕಾಣಬೇಕು ಅಂದ್ರೆ ಹಗಲಿನ ಬೆಳಕೇ ಗತಿ. ಅದಕ್ಕೆ ಎತ್ತರದ ಚಾವಣಿ, ಉದ್ದುದ್ದ ಕಿಟಕಿ. ಆದರೆ ಅದೇ ಬಿಸಿಲು ಹಕ್ಕಿಯ ರೆಕ್ಕೆ ಬಣ್ಣ ತಿನ್ನುತ್ತೆ. ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಮಳೆಗಾಲದಲ್ಲಿ ಬೂಷ್ಟು. ಮರದ ಬೀರುವಿಗೆ ಗೆದ್ದಲು, ಚರ್ಮಕ್ಕೆ ಹುಳ. ಹುಳ ಹಿಡೀಬಾರದು ಅಂತ ಚರ್ಮಕ್ಕೆ ಆರ್ಸೆನಿಕ್ ವಿಷ ಕಲೆಸಿದ ಸೋಪು ಬಳೀತಿದ್ರು. ನಾವು ಈಗ ಕಾಣೋ ಫಾರ್ಮಲಿನ್ ಆಗ ಬಳಕೆಯಲ್ಲೇ ಇರಲಿಲ್ಲ, ಅದು ಬಂದಿದ್ದು 1890ರ ದಶಕದಲ್ಲಿ. ಅಲ್ಲಿಯವರೆಗೆ ಹಾವು, ಮೀನು, ಕಪ್ಪೆ ಎಲ್ಲ ಸಾರಾಯಿ ಥರದ ಸ್ಪಿರಿಟ್ಟಿನಲ್ಲೇ. ಅಂದ್ರೆ ಜಾಡಿ ತುಂಬಿದ ರೂಮು ಅಂದ್ರೆ ಬೆಂಕಿಗೆ ಕಾಯ್ತಿರೋ ರೂಮು. ಈ ಮಾತು ನೆನಪಿಟ್ಕೊಳ್ಳಿ, ಭಾಗ 8ರಲ್ಲಿ ಬೆಂಕಿ ಬರುತ್ತೆ.

ಇವತ್ತು ಈ ಕಟ್ಟಡಕ್ಕೆ ಜನ ಹೋಗೋದು ಬೇಗೂರಿನ ಶಾಸನ, ಆತಕೂರಿನ ಶಾಸನ, ಹೊಯ್ಸಳ ಶಿಲ್ಪ ನೋಡೋಕೆ. ಶುರುವಾಗಿದ್ದು ಪ್ರಾಣಿ, ಕಲ್ಲು, ಅದಿರಿನಿಂದ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಆದರೆ ಆತಕೂರಿನ ಕಲ್ಲಿನಲ್ಲೂ ಪ್ರಾಣಿಗಳೇ ಇವೆ ನೋಡಿ! 10ನೇ ಶತಮಾನದ್ದು. ಕಾಳಿ ಅನ್ನೋ ನಾಯಿ ಕಾಡುಹಂದಿ ಜತೆ ಹೋರಾಡಿ ಎರಡೂ ಸತ್ತ ಕಥೆ, ನಾಯಿಗೆ ನೆಟ್ಟ ವೀರಗಲ್ಲು. ಹುಲ್ಲು ತುಂಬಿ ಇಡದೆ ಪ್ರಾಣಿಯನ್ನ ಉಳಿಸೋ ನಮ್ಮ ದಾರಿ ಅದಾಗಿತ್ತು.

ಭಾಗ 5 (ಸಣ್ಣದು)

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ರೀಲ್ಸ್‌ನಲ್ಲಿ ಎಲ್ಲರೂ ನೋಡಿರ್ತೀರಿ, ಮಧ್ಯದ ಹಾಲಿನಲ್ಲಿ ನೀಲಿ ತಿಮಿಂಗಿಲದ ಅಸ್ಥಿಪಂಜರ ನೇತಾಡುತ್ತಲ್ಲ. ಅದು ಜನಕ್ಕೆ ತೆರೆದಿದ್ದು 1881ರ ಏಪ್ರಿಲ್‌ನಲ್ಲಿ. ನಮ್ಮ ಬೆಂಗಳೂರಿನ ಕಟ್ಟಡಕ್ಕಿಂತ ಮೂರು ವರ್ಷ ತಡ! ಕೋಲ್ಕತ್ತಾದ ಇಂಡಿಯನ್ ಮ್ಯೂಸಿಯಂ 1814ರಲ್ಲಿ ಶುರುವಾದ್ರೂ ಚೌರಂಗಿಯ ದೊಡ್ಡ ಕಟ್ಟಡಕ್ಕೆ ಬಂದಿದ್ದು 1878ರಲ್ಲೇ. ಗಾತ್ರ ಹೋಲಿಸೋಕೆ ಆಗಲ್ಲ ಬಿಡಿ, ಅವು ಅರಮನೆ, ನಮ್ಮದು ಬಂಗಲೆ.

ಲಂಡನ್ನಿನದ್ದು ಕೂಡ ಜಾಗ ಸಾಲದ ಜಗಳದಿಂದಲೇ ಹುಟ್ಟಿದ್ದು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಪುಸ್ತಕ, ಶಿಲ್ಪಗಳ ಮಧ್ಯೆ ಪ್ರಾಣಿಗಳಿಗೆ ಜಾಗ ಇಲ್ಲ ಅಂತ ರಿಚರ್ಡ್ ಓವನ್ ವರ್ಷಗಟ್ಟಲೆ ಬೇಡಿದ. 1864ರಲ್ಲಿ ವಿನ್ಯಾಸದ ಸ್ಪರ್ಧೆ ಗೆದ್ದ ಇಂಜಿನಿಯರ್ ಮರುವರ್ಷವೇ ತೀರಿಕೊಂಡ. ಆಮೇಲೆ ಆಲ್ಫ್ರೆಡ್ ವಾಟರ್‌ಹೌಸ್ ಬಂದು ಪೂರ್ತಿ ಬದಲಾಯಿಸಿ, ಸುಟ್ಟ ಮಣ್ಣಿನ ಹೆಂಚುಗಳಲ್ಲಿ ಕಟ್ಟಡ ಕಟ್ಟಿದ. ಹಂಚಿನ ಮೇಲೆಲ್ಲ ಪ್ರಾಣಿ ಉಬ್ಬುಚಿತ್ರ. ಒಂದು ಕಡೆ ರೆಕ್ಕೆಯಲ್ಲಿ ಬದುಕಿರೋ ಪ್ರಾಣಿಗಳು, ಇನ್ನೊಂದು ಕಡೆ ನಾಶವಾದವು. ಮಂಗಳೂರು ಹೆಂಚಿನ ಮನೆಯಲ್ಲಿ ಬೆಳೆದ ನಮಗೆ ಇದು ಅರ್ಥವಾಗುತ್ತೆ. ಸುಟ್ಟ ಮಣ್ಣು ಮಳೆಗೆ ಹೆದರಲ್ಲ, ತೊಳೆದ್ರೆ ಹೊಸದು. ಆಗಿನ ಲಂಡನ್ನಿನ ಕಲ್ಲಿದ್ದಲ ಹೊಗೆಗೆ ಅದೇ ಸರಿ.

ಸ್ಪಿರಿಟ್ ಜಾಡಿಗಳನ್ನ ಮಾತ್ರ ಅವರು ಮುಖ್ಯ ಕಟ್ಟಡದ ಒಳಗೆ ಬಿಡಲಿಲ್ಲ. ಹಿಂದುಗಡೆ ಬೇರೆ ಕಟ್ಟಡ ಕಟ್ಟಿ ಅಲ್ಲಿಟ್ರು. ಬುದ್ಧಿವಂತರು.

ಭಾಗ 6

ಸೊರಬದವರು ಎಲ್ಲಿದೀರಿ? ಇದು ನಿಮಗೆ.

ಆಗಿನ ಮ್ಯೂಸಿಯಂಗಳು ಬರೀ ಜ್ಞಾನಕ್ಕೆ ಅಂದ್ಕೊಂಡ್ರೆ ತಪ್ಪು. ಅದಿರು, ಮರದ ತುಂಡು, ನಾರು, ಎಣ್ಣೆಕಾಳು, ಗಂಧ, ಇವೆಲ್ಲ ಯಾಕೆ ಸಾಲಾಗಿ ಇಡ್ತಿದ್ರು? ಈ ಸೀಮೆಯಲ್ಲಿ ಏನೇನು ಸಿಗುತ್ತೆ, ಯಾವುದರಿಂದ ದುಡ್ಡು ಬರುತ್ತೆ ಅಂತ ಲೆಕ್ಕ ಹಾಕೋಕೆ. ನನ್ನ ಪ್ರಕಾರ ಅದು ಅರ್ಧ ಶಾಲೆ, ಅರ್ಧ ಸ್ಯಾಂಪಲ್ ರೂಮ್. ಹೋಲ್‌ಸೇಲ್ ಅಂಗಡಿಯಲ್ಲಿ ಅಡಿಕೆ ಮಾದರಿ ಪೊಟ್ಟಣ ಇಡ್ತಾರಲ್ಲ, ರಾಶಿ, ಬೆಟ್ಟೆ, ಚಾಲಿ ಅಂತ, ಹಂಗೆ.

ಬೆಂಗಳೂರಿನ ಮ್ಯೂಸಿಯಂ ತೆರೆದ ಮೂರೇ ವರ್ಷಕ್ಕೆ, 1868ರಲ್ಲಿ, ಅದೇ ಸರ್ಕಾರಕ್ಕಾಗಿ ಇಬ್ಬರು ಅಧಿಕಾರಿಗಳು ಸೊರಬದ ಬಗ್ಗೆ ಒಂದು ವರದಿ ಬರೆದ್ರು. ಒಬ್ಬ ಡೀಟ್ರಿಚ್ ಬ್ರಾಂಡಿಸ್, ಇಡೀ ಭಾರತದ ಅರಣ್ಯ ಇಲಾಖೆಯ ದೊಡ್ಡವನು, ಇನ್ನೊಬ್ಬ ಗ್ರಾಂಟ್. ವಿಷಯ: ಸೊರಬ ತಾಲ್ಲೂಕಿನ ಕಾನುಗಳು.

ಕಾನು ಅಂದ್ರೆ ಪೇಟೆಯಲ್ಲಿ ಬೆಳೆದವರಿಗೆ ಹೇಳ್ತೀನಿ. ಸುತ್ತ ಗದ್ದೆ, ಬ್ಯಾಣ, ಎಲೆ ಉದುರೋ ಕಾಡು ಇರುತ್ತೆ. ನಡುವೆ ಒಂದು ಕಡೆ ಕತ್ತಲೆ ಕತ್ತಲೆ, ವರ್ಷವಿಡೀ ಹಸಿರು. ಒಳಗೆ ನೀರಿನ ಒರತೆ, ಮರಕ್ಕೆ ಹಬ್ಬಿದ ಕಾಳುಮೆಣಸು, ಬಗನಿ ಮರ, ಎಲ್ಲೋ ಒಂದು ಕಡೆ ಚೌಡಿಯೋ ಭೂತಪ್ಪನೋ. ಕೊಡಲಿ ಹಾಕಂಗಿಲ್ಲ. ಆ ವರದಿ ಸೊರಬ ಒಂದೇ ತಾಲ್ಲೂಕಿನಲ್ಲಿ 116 ಕಾನುಗಳನ್ನ ಪಟ್ಟಿ ಮಾಡ್ತು. ಒಟ್ಟು ಸುಮಾರು 13 ಸಾವಿರ ಹೆಕ್ಟೇರ್.

ನಂಗೆ ಈ ಲೆಕ್ಕ ಓದಿದಾಗ ಮೈ ಜುಮ್ ಅಂತು. ಬೆಂಗಳೂರಿನಲ್ಲಿ ಅವರು ಜೈಲಿನ ರೂಮಿನಲ್ಲಿ ಒಣ ಹಕ್ಕಿ ಜೋಡಿಸ್ತಿದ್ದಾಗ ಇಲ್ಲಿ 116 ಕಡೆ ಬದುಕಿರೋ ಸಂಗ್ರಹ ಇತ್ತು. ಗೋಡೆ ಇಲ್ಲ, ಕ್ಯುರೇಟರ್ ಇಲ್ಲ, ಇದ್ದದ್ದು ಚೌಡಿ. ನಮ್ಮ ಅಜ್ಜ ಈಗಲೂ ಕಾನಿನ ಅಂಚಿನಲ್ಲಿ ಚಪ್ಪಲಿ ಬಿಡ್ತಾರೆ. "ಯಾಕಜ್ಜ" ಅಂದ್ರೆ "ಬಿಡ್ಬೇಕು, ಬಿಡ್ತೀನಿ" ಅಂತಾರೆ.

ಈಗ ಎಷ್ಟು ಉಳಿದಿವೆ ಅಂತ ನೀವೇ ನಿಮ್ಮ ಊರಿನ ಲೆಕ್ಕ ಹಾಕಿ. ನಮ್ಮ ಅಜ್ಜನ ಊರಿನ ಒಂದು ಕಾನಿನ ಅರ್ಧ ಈಗ ಶುಂಠಿ, ಉಳಿದ ಅರ್ಧ ಅಕೇಶಿಯಾ. ದೇವರ ಕಲ್ಲಿನ ಸುತ್ತ ಹತ್ತು ಹನ್ನೆರಡು ಮರ ಇವೆ. ಮೂರನೇ ಫೋಟೋ ಅದೇ.

ಭಾಗ 7

ಶಿಕಾರಿ ಅಂದ ಮೇಲೆ ಮೈಸೂರಿನ ಈ ಮನೆತನದ ಬಗ್ಗೆ ಹೇಳದೆ ಮುಂದೆ ಹೋಗೋಕಾಗಲ್ಲ. ವ್ಯಾನ್ ಇಂಗೆನ್.

ಸುಮಾರು 1900ರಲ್ಲಿ ಯೂಜೀನ್ ವ್ಯಾನ್ ಇಂಗೆನ್ ಮೈಸೂರಿನಲ್ಲಿ ಒಂದು ಫ್ಯಾಕ್ಟರಿ ಶುರು ಮಾಡಿದ. ಕೆಲಸ: ಬೇಟೆಯಾಡಿದ ಪ್ರಾಣಿಯ ಚರ್ಮ ಹದ ಮಾಡಿ, ಅಚ್ಚಿನ ಮೇಲೆ ಕೂರಿಸಿ, ಬದುಕಿದ್ದ ಹಾಗೆ ಮಾಡಿಕೊಡೋದು. ಮಕ್ಕಳಿಗೆ ದಕ್ಷಿಣ ಆಫ್ರಿಕಾದ ಬೋಅರ್ ಯುದ್ಧದ ಸೇನಾಪತಿಗಳ ಹೆಸರು ಇಟ್ಟಿದ್ದ: ಡಿವೆಟ್, ಬೋಥಾ, ಜೂಬರ್ಟ್. ಬ್ರಿಟಿಷರ ಆಳ್ವಿಕೆಯ ನಾಡಲ್ಲಿ ಬ್ರಿಟಿಷರ ವಿರೋಧಿಗಳ ಹೆಸರು, ಧೈರ್ಯ ನೋಡಿ. ದೇಶದ ಮಹಾರಾಜರು, ದೊಡ್ಡ ಅಧಿಕಾರಿಗಳು ಎಲ್ಲ ಇವರ ಗಿರಾಕಿ. ಅರಮನೆ ಗೋಡೆಗಳಲ್ಲಿ ಬಾಯಿ ತೆರೆದು ನಿಂತಿರೋ ಎಷ್ಟೋ ಹುಲಿ ಈ ಫ್ಯಾಕ್ಟರಿಯವು. 1999ರಲ್ಲಿ ಮುಚ್ಚೋ ಹೊತ್ತಿಗೆ ಅಲ್ಲಿಂದ ಹೋದ ಹುಲಿ, ಚಿರತೆಗಳ ಲೆಕ್ಕ 43 ಸಾವಿರದ ಮೇಲೆ ಅಂತಾರೆ.

43 ಸಾವಿರ. ಇನ್ನೊಂದು ಸಲ ಓದಿ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1973ರಲ್ಲಿ ಹುಲಿ ಯೋಜನೆ, ಬಂಡೀಪುರ ಮೊದಲ ಒಂಬತ್ತರಲ್ಲಿ ಒಂದು. ವ್ಯಾಪಾರದ ಕಚ್ಚಾಮಾಲು ನಿಂತುಹೋಯ್ತು. ಒಂದು ಉದ್ಯಮ ತನ್ನ ಕಚ್ಚಾಮಾಲನ್ನ ತಾನೇ ಮುಗಿಸೋ ಕಡೆ ಹೋಗ್ತಿತ್ತು, ಕಾನೂನು ನಡುವೆ ಬಂತು ಅಂತಲೂ ಹೇಳಬಹುದು. ಕೆಲಸ ಎಷ್ಟು ಚೆನ್ನಾಗಿತ್ತು ಅನ್ನೋದರಲ್ಲಿ ಎರಡು ಮಾತಿಲ್ಲ, ಫೋಟೋ ನೋಡಿದ್ರೆ ಹುಲಿಯ ಕಣ್ಣಲ್ಲಿ ಸಿಟ್ಟು ಕಾಣುತ್ತೆ. ಆದರೆ ಆ ಸಿಟ್ಟು ಗಾಜಿನದ್ದು.

ಭಾಗ 8

ಈಗ ಬೆಂಕಿ.

1972ರಲ್ಲಿ, ಸ್ವಾತಂತ್ರ್ಯದ 25ನೇ ವರ್ಷಕ್ಕೆ, ಇಂದಿರಾ ಗಾಂಧಿ ಕಾಲದಲ್ಲಿ, ದೇಶಕ್ಕೇ ಒಂದು ನೈಸರ್ಗಿಕ ಇತಿಹಾಸದ ಮ್ಯೂಸಿಯಂ ಬೇಕು ಅಂತ ಯೋಚನೆ ಆಯ್ತು. 1978ರ ಜೂನ್ 5, ವಿಶ್ವ ಪರಿಸರ ದಿನ, ದೆಹಲಿಯಲ್ಲಿ ತೆರೀತು. ಎಲ್ಲಿ? ಮಂಡಿ ಹೌಸ್ ಹತ್ತಿರ ಫಿಕ್ಕಿ ಸಂಸ್ಥೆಯ ಕಟ್ಟಡದಲ್ಲಿ. ಸ್ವಂತದ್ದಲ್ಲ. ಬ್ರಿಟಿಷರ ಕಾಲದಲ್ಲಿ ಜೈಲಿನಲ್ಲಿ ಶುರು, ನಮ್ಮ ಕಾಲದಲ್ಲಿ ಬಾಡಿಗೆ ಮಹಡಿಯಲ್ಲಿ ಶುರು. ವ್ಯತ್ಯಾಸ ಏನಂದ್ರೆ, ಅವರು 13 ವರ್ಷದಲ್ಲಿ ಜೈಲಿನಿಂದ ಹೊರಗೆ ಬಂದ್ರು. ಇದು 38 ವರ್ಷ ಅಲ್ಲೇ ಇತ್ತು.

2016ರ ಏಪ್ರಿಲ್ 26, ನಡುರಾತ್ರಿ ಕಳೆದ ಮೇಲೆ ಮೇಲಿನ ಮಹಡಿಯಲ್ಲಿ ಬೆಂಕಿ ಹತ್ತಿತು. ಒಳಗೆ ಮರ, ಬಟ್ಟೆ, ಒಣ ಚರ್ಮ, ರಾಸಾಯನಿಕ. ಹತ್ತಾರು ಅಗ್ನಿಶಾಮಕ ವಾಹನ ಬಂದವು. ಬೆಳಗಾಗೋ ಹೊತ್ತಿಗೆ ಮ್ಯೂಸಿಯಂ ಇರಲಿಲ್ಲ. ಚಿಟ್ಟೆ, ಹಾವು, ಹಕ್ಕಿ, ತುಂಬಿದ ಪ್ರಾಣಿಗಳು ಹೋದವು. ಅಲ್ಲಿ 16 ಕೋಟಿ ವರ್ಷ ಹಳೆಯದು ಅಂತ ತೋರಿಸ್ತಿದ್ದ ಡೈನೋಸಾರ್ ತೊಡೆಮೂಳೆಯ ಪಳೆಯುಳಿಕೆ ಇತ್ತು. ಆಗ ನಾನು ಪ್ರೈಮರಿ ಸ್ಕೂಲು. ಟಿವಿಯಲ್ಲಿ ಹೊಗೆ ಕಂಡಿದ್ದು ನೆನಪಿದೆ, ಏನು ಸುಡ್ತಿದೆ ಅಂತ ಗೊತ್ತಿರಲಿಲ್ಲ.

ಎರಡೇ ವರ್ಷಕ್ಕೆ, 2018ರ ಸೆಪ್ಟೆಂಬರ್ 2ರ ರಾತ್ರಿ, ಬ್ರೆಜಿಲ್ಲಿನ ರಿಯೊದಲ್ಲಿ ಇನ್ನೂ ದೊಡ್ಡದು. ಅವರ ರಾಷ್ಟ್ರೀಯ ಮ್ಯೂಸಿಯಂ 200 ವರ್ಷದ್ದು, ಹಿಂದೆ ಅರಮನೆಯಾಗಿದ್ದ ಕಟ್ಟಡ, ಒಳಗೆ ಸುಮಾರು 2 ಕೋಟಿ ವಸ್ತು. ಹತ್ತಿರದ ನಲ್ಲಿಗಳಲ್ಲಿ ನೀರಿಲ್ಲದೆ ಅಗ್ನಿಶಾಮಕದವರು ಪಕ್ಕದ ಕೊಳದಿಂದ ನೀರು ತರಬೇಕಾಯ್ತು. ಹೆಚ್ಚಿನದೆಲ್ಲ ಬೂದಿ. ಆಮೇಲೆ ಬೂದಿ ಜರಡಿ ಹಿಡಿದು ಹುಡುಕಿದಾಗ ಲೂಜಿಯಾ ಅಂತ ಹೆಸರಿಟ್ಟಿದ್ದ, 11 ಸಾವಿರ ವರ್ಷಕ್ಕೂ ಹಳೇ ಹೆಣ್ಣಿನ ತಲೆಬುರುಡೆಯ ಚೂರುಗಳು ಸಿಕ್ಕವು.

ನಮ್ಮ ಕ್ಲಾಸಿನವರಿಗೆ ಒಂದು ಪ್ರಶ್ನೆ. ಇಂಥ ನಷ್ಟವನ್ನ ಲೆಕ್ಕದಲ್ಲಿ ಹೆಂಗೆ ತೋರಿಸ್ತೀರಿ? ಕಟ್ಟಡಕ್ಕೆ ಬೆಲೆ ಇದೆ, ಸವಕಳಿ ಕಳೆದು ಇಷ್ಟು ಅಂತ ಬರೀಬಹುದು. ಬೀರುಗೂ ಬೆಲೆ ಇದೆ. 1890ರಲ್ಲಿ ಯಾರೋ ಹಿಡಿದ ಚಿಟ್ಟೆಗೆ? ಕೊಂಡಿದ್ದಲ್ಲ, ಹಂಗಾಗಿ ಖರೀದಿ ಬೆಲೆ ಸೊನ್ನೆ. ಮಾರೋ ಹಾಗಿಲ್ಲ, ಹಂಗಾಗಿ ಮಾರುಕಟ್ಟೆ ಬೆಲೆಯೂ ಇಲ್ಲ. ಪುಸ್ತಕದ ಪ್ರಕಾರ ಅದು ಇರಲೇ ಇಲ್ಲ. ನಮ್ಮ ಹೈಸ್ಕೂಲಿನಲ್ಲಿ ಬೀರು ಉಳಿದು ಮುಂಗುಸಿ ಹೊರಗೆ ಬಿದ್ದಿದ್ದು ಇದೇ ಲೆಕ್ಕದಿಂದ. ಬೀರು ಡೆಡ್‌ಸ್ಟಾಕ್ ರಿಜಿಸ್ಟರಿನಲ್ಲಿ ಇತ್ತು, ಮುಂಗುಸಿ ಇರಲಿಲ್ಲ. ಯಾರ ಮೇಲೂ ಸಿಟ್ಟಿಲ್ಲ ನಂಗೆ, ಇದ್ದಿದ್ದು ಅವತ್ತು ಒಂದು ದಿನ.

ಭಾಗ 9

ಸುಡದೆ ಉಳಿದದ್ದು ಒಂದು ನಮ್ಮ ರಾಜ್ಯದಲ್ಲೇ ಇದೆ. ದೆಹಲಿಯ ಮ್ಯೂಸಿಯಂಗೆ ಪ್ರಾದೇಶಿಕ ಶಾಖೆಗಳಿವೆ: ಮೈಸೂರು, ಭೋಪಾಲ್, ಭುವನೇಶ್ವರ, ಸವಾಯ್ ಮಾಧೋಪುರ. ಅವುಗಳಲ್ಲಿ ಮೊದಲನೆಯದು ಮೈಸೂರಿನದ್ದು, 1995ರ ಮೇ 20ರಂದು ತೆರೆದದ್ದು. ಕಾರಂಜಿ ಕೆರೆ ದಂಡೆ ಮೇಲೆ, ಎದುರಿಗೆ ಚಾಮುಂಡಿ ಬೆಟ್ಟ.

ಡಿಗ್ರಿ ಮೊದಲ ವರ್ಷದ ಟೂರಿನಲ್ಲಿ ಮೃಗಾಲಯ ನೋಡಿ ಎಲ್ಲರೂ ಸುಸ್ತಾಗಿ ಕೂತಾಗ ನಾವು ಐದು ಜನ ಮಾತ್ರ ಇಲ್ಲಿಗೆ ಹೋಗಿದ್ವಿ. ಫೋಟೋ 4 ರಿಂದ 7. ಇಲ್ಲಿ ಕೊರಿಂಥಿಯನ್ ಕಂಬ ಇಲ್ಲ, ಹೆದರಿಸೋ ಹಾಲ್ ಇಲ್ಲ. ಕಾಡಿನ ದೃಶ್ಯಗಳನ್ನ ಗಾಜಿನ ಹಿಂದೆ ಮಾದರಿ ಮಾಡಿ ಇಟ್ಟಿದಾರೆ, ಯಾವ ಪ್ರಾಣಿ ಯಾವ ಮರದ ಜತೆ, ಯಾವ ಮಣ್ಣಿನಲ್ಲಿ ಬದುಕುತ್ತೆ ಅಂತ. ಬಾಲ್ಫೋರ್ ಕಾಲದ ಮ್ಯೂಸಿಯಂ "ಇದು ಏನು?" ಅಂತ ಹೇಳ್ತಿತ್ತು, ಸಾಲಾಗಿ ಜೋಡಿಸಿ. ಇಲ್ಲಿ "ಇದು ಎಲ್ಲಿ, ಯಾರ ಜತೆ ಬದುಕುತ್ತೆ?" ಅಂತ. ಹುಲಿ ಒಂದನ್ನೇ ತಂದು ಗೋಡೆಗೆ ಹಾಕಿದ್ರೆ ಅದು ಟ್ರೋಫಿ, ಹುಲ್ಲು, ಕೆರೆ, ಜಿಂಕೆ ಜತೆ ಇಟ್ರೆ ಅದು ಪಾಠ.

ನಂಗೆ ಇಷ್ಟವಾಗಿದ್ದು ಕೆರೆ. ಒಳಗಡೆ ಇದ್ದುಕೊಂಡೇ ಕೆರೆ ನೋಡಬಹುದು. ಗಾಜಿನ ಈ ಕಡೆ ಅಲುಗಾಡದ ಪ್ರಾಣಿಗಳು, ಆ ಕಡೆ ನೀರಿನಲ್ಲಿ ನೀರುಕಾಗೆ ಮುಳುಗಿ ಏಳ್ತಾ ಇತ್ತು. ನಮ್ಮ ಫ್ರೆಂಡ್ ಒಬ್ಬಳು (ಟ್ಯಾಗ್ ಮಾಡಲ್ಲ, ಬೈತಾಳೆ) ಪೂರ್ತಿ ಹತ್ತು ನಿಮಿಷ ಆ ಹಕ್ಕಿನೇ ನೋಡ್ತಾ ನಿಂತಳು. "ಇದನ್ನ ನೋಡೋಕೆ ಗುಡವಿಗೆ ಹೋದ್ರೆ ಸಾಕಿತ್ತಲ್ಲೋ" ಅಂದಳು.

ಸರಿನೇ. ಸೊರಬದಿಂದ ಸುಮಾರು 16 ಕಿ.ಮೀ. ಗುಡವಿ ಪಕ್ಷಿಧಾಮ. ಮುಕ್ಕಾಲು ಚದರ ಕಿ.ಮೀ.ನೂ ತುಂಬದ ಜಾಗ, ಒಂದು ಕೆರೆ, ನೀರಲ್ಲೇ ನಿಂತ ಮರಗಳು. ಮಳೆಗಾಲದಲ್ಲಿ ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟಿ ಗಲಾಟೆಯೋ ಗಲಾಟೆ. ನಾವು ಮೈಸೂರಿಗೆ ಬಸ್ಸಿನಲ್ಲಿ ರಾತ್ರಿಯಿಡೀ ಕೂತು ಹೋಗಿ ನೋಡಿದ ಹಕ್ಕಿ ನಮ್ಮ ಮನೆ ಹಿಂದೆ ಇತ್ತು.

ಭಾಗ 10

ಜಾಡಿಗೆ ಏನಾಯ್ತು ಅಂತ ಕೇಳಿದವರಿಗೆ.

ಅಮ್ಮ ಒಂದು ದಿನವೂ ಮನೆಯೊಳಗೆ ಇಡೋಕೆ ಬಿಡಲಿಲ್ಲ. ಕೊಟ್ಟಿಗೆ ಅಟ್ಟದ ಮೇಲೆ ಇತ್ತು. ಹೋದ ತಿಂಗಳು ಪರಿಚಯದ ಪ್ರಾಣಿಶಾಸ್ತ್ರದ ಮೇಡಂ ಒಬ್ಬರಿಗೆ ತೋರಿಸಿದೆ. ಅವರು ಮೊದಲು ಬೈದ್ರು. ಕಾಡುಪ್ರಾಣಿ ಸತ್ತಿದ್ದಾದ್ರೂ ಹಂಗೆಲ್ಲ ಮನೆಯಲ್ಲಿ ಇಟ್ಕೊಳ್ಳಂಗಿಲ್ಲ, ಕಾನೂನು ಇದೆ ಅಂತ. ಆಮೇಲೆ ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿದ್ರು. ಹಾವನ್ನಲ್ಲ, ಚೀಟಿಯನ್ನ.

"ಹಾವು ಸಾಮಾನ್ಯದ್ದು, ತೋಳಹಾವು ಇರಬೇಕು. ಆದರೆ ಊರು, ವರ್ಷ ಬರೆದಿದಾರಲ್ಲ, ಅದಕ್ಕೇ ಇದು ಮಾದರಿ. ಚೀಟಿ ಇಲ್ಲದಿದ್ರೆ ಬರೀ ಸತ್ತ ಹಾವು" ಅಂದ್ರು. ತಿಂಗಳೂ ಬರೆದಿದ್ರೆ ಇನ್ನೂ ಚೆನ್ನಾಗಿತ್ತಂತೆ. ಹಿಡಿದವರ ಹೆಸರು ಇದ್ದಿದ್ರೆ ಇನ್ನೂ.

ಈಗ ಅದು ಅವರ ಲ್ಯಾಬಿನಲ್ಲಿದೆ. ಹಳೇ ನೀರು ತೆಗೆದು ಹೊಸ ದ್ರಾವಣ ಹಾಕಿದಾರೆ. ಚೀಟಿ ಒದ್ದೆ ಆಗದ ಹಾಗೆ ಅದನ್ನ ಬಿಡಿಸಿ, ನಕಲು ಬರೆದು, ಮೂಲದ್ದನ್ನ ಲಕೋಟೆಯಲ್ಲಿ ಇಟ್ಟಿದಾರೆ. ರಿಜಿಸ್ಟರಿನಲ್ಲಿ ಸಾಲು ಬರೆಯೋ ಕೆಲಸ ನನಗೆ ಕೊಟ್ರು, "ನೀನು ಕಾಮರ್ಸ್ ಅಲ್ವಾ, ಅಕ್ಷರ ನೀಟಾಗಿರುತ್ತೆ" ಅಂತ. ಬೆಲೆ ಅನ್ನೋ ಕಾಲಂ ಇತ್ತು. ಗೀಟು ಎಳೆದೆ.

ನಿಮ್ಮ ಹಳೇ ಶಾಲೆಯ ಸೈನ್ಸ್ ರೂಮಿನಲ್ಲಿ ಇಂಥ ಬೀರು ಇದ್ರೆ, ಹೆಡ್‌ಮಾಸ್ಟರ್ ಅವರನ್ನ ಕೇಳಿ, ಒಳಗಿನ ಚೀಟಿಗಳ ಫೋಟೋ ಮಾತ್ರ ತೆಗೆದು ಕಳಿಸಿ. ಜಾಡಿ ಹೊತ್ಕೊಂಡು ಬರಬೇಡಿ, ನಾನು ಬೈಸಿಕೊಂಡಿದ್ದು ಸಾಕು. ಇಲ್ಲಿಯವರೆಗೆ ಶಿಕಾರಿಪುರದಿಂದ ಎರಡು, ಸೊರಬ ಕಡೆಯಿಂದ ಮೂರು ಬಂದಿವೆ. ಅದರಲ್ಲಿ ಒಂದು ಚೀಟಿಯಲ್ಲಿ "ಗುಡವಿ, ಮೊಟ್ಟೆ, ಬಿದ್ದಿದ್ದು" ಅಂತ ಪೆನ್ಸಿಲ್ಲಿನಲ್ಲಿ ಬರೆದಿದೆ. ವರ್ಷ ಅಳಿಸಿ ಹೋಗಿದೆ. ಕೊನೆಯ ಫೋಟೋ ಅದು, ಜೂಮ್ ಮಾಡಿ ಯಾರಿಗಾದ್ರೂ ಓದೋಕೆ ಬಂದ್ರೆ ಹೇಳಿ.

#ತಮಾಷೆಬಂಗಲೆ #ಶಿಕಾರಿಪುರ #ಸೊರಬ #ಕಾನು #ಗುಡವಿ